ದೈತ್ಯ ವಾನರವೂ ನಮ್ಮ ಸಿಂಗಳೀಕವೂ

ಕಳೆದ ಬೇಸಿಗೆ ರಜೆಯಲ್ಲಿ ಮಂಗಳೂರಿಗೆ ಬಂದಿದ್ದ ಮೊಮ್ಮಗ ಟಿವಿಯಲ್ಲಿ ಕಿಂಗ್ ಕಾಂಗ್ ಚಿತ್ರ ನೋಡಿ, "ಅಜ್ಜ, ಇಂಥ ದೊಡ್ಡ ವಾನರ ನಿಜವಾಗಿಯೂ ಇತ್ತಾ?" ಎಂದು ಕೇಳಿದ. ಅಷ್ಟು ದೊಡ್ಡದಲ್ಲ, ಆದರೂ ದೊಡ್ಡದೇ ಒಂದು ಇತ್ತು ಎಂದೆ. ನಿವೃತ್ತನಾದರೂ ಮಾಸ್ತರಿಕೆ ಬಿಡದು, ಪಾಠ ಆರಂಭವಾಯಿತು.

1935ರಲ್ಲಿ ಕೋನಿಗ್ಸ್‌ವಾಲ್ಡ್ ಎಂಬ ವಿಜ್ಞಾನಿಗೆ ಹಾಂಗ್‌ಕಾಂಗಿನ ಔಷಧದ ಅಂಗಡಿಯೊಂದರಲ್ಲಿ, 'ಡ್ರ್ಯಾಗನ್ ಹಲ್ಲು' ಎಂದು ಮಾರುತ್ತಿದ್ದ ಪಳೆಯುಳಿಕೆಗಳ ನಡುವೆ ಭಾರೀ ದವಡೆಹಲ್ಲೊಂದು ದೊರೆಯಿತು. ಅದರ ಒಡೆಯನಿಗೆ ಜೈಗಾಂಟೋಪಿಥೆಕಸ್ ಎಂದು ಹೆಸರಾಯಿತು. ಎತ್ತರ ಸುಮಾರು 3 ಮೀಟರ್, ತೂಕ 200ರಿಂದ 300 ಕಿಲೋ ಎಂಬುದು ಅಂದಾಜು. ಏಕೆಂದರೆ ನಮಗೆ ಸಿಕ್ಕಿರುವುದು ನಾಲ್ಕು ಕೆಳದವಡೆಗಳು ಮತ್ತು ಸುಮಾರು 2000 ಹಲ್ಲುಗಳು ಮಾತ್ರ. ಇದಕ್ಕಿಂತ ಬಹು ಹಿಂದಿನ ಇಂಥದೇ ಒಂದು ದೊಡ್ಡ ವಾನರದ ದವಡೆ 1968ರಲ್ಲಿ ನಮ್ಮ ಹಿಮಾಚಲದ ಬಿಲಾಸಪುರ ಜಿಲ್ಲೆಯಲ್ಲೂ ದೊರೆತಿದೆ.

ಇಷ್ಟು ಬಲಶಾಲಿ ಅಳಿದದ್ದೇಕೆ? 2024ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಸುಮಾರು 2,95,000ದಿಂದ 2,15,000 ವರ್ಷಗಳ ಹಿಂದೆ ಅದು ನಿರ್ನಾಮವಾಯಿತು. ದಕ್ಷಿಣ ಚೀನಾದ ದಟ್ಟ ಕಾಡು ಬದಲಾಗಿ, ವರ್ಷವಿಡೀ ಸಿಗುತ್ತಿದ್ದ ಹಣ್ಣು ಕಡಮೆಯಾಯಿತು. ಅದೇ ಕಾಡಿನಲ್ಲಿದ್ದ ಒರಾಂಗುಟನ್ ಆಹಾರವನ್ನೂ ಓಡಾಟವನ್ನೂ ಬದಲಿಸಿಕೊಂಡಿತು. ದೈತ್ಯ ಮಾತ್ರ ಸತ್ತ್ವವಿಲ್ಲದ ನಾರು, ತೊಗಟೆಗಳನ್ನು ನೆಚ್ಚಿ ಕೆಟ್ಟಿತು. ಅದನ್ನು ಕೊಂದದ್ದು ಬೇಟೆಗಾರನಲ್ಲ, ಹಸಿವು.

ಮಹಾವಾನರಗಳೆಂದರೆ ನಮಗೆ ಎಲ್ಲಿಲ್ಲದ ಕುತೂಹಲ. ಮೈಸೂರು ಮೃಗಾಲಯದಲ್ಲಿ ಒಂಟಿಯಾಗಿದ್ದ ಗೊರಿಲ್ಲಾ ಪೋಲೋ 2014ರಲ್ಲಿ ತೀರಿಕೊಂಡಾಗ ಮರುಗಿದೆವು. 2021ರಲ್ಲಿ ಜರ್ಮನಿಯಿಂದ ಎರಡು ಗೊರಿಲ್ಲಾಗಳು ಬಂದಾಗ ಹಿಗ್ಗಿದೆವು. ನಮ್ಮ ಮುಖವನ್ನೇ ಅವುಗಳಲ್ಲಿ ಕಾಣುತ್ತೇವೆಂದು ತೋರುತ್ತದೆ. ಅದು ತಪ್ಪಲ್ಲ. ಆದರೆ ದೈತ್ಯನ ಕಥೆಯೇ ನಮ್ಮ ಘಟ್ಟದಲ್ಲಿ ಮರುಕಳಿಸುವ ಅಪಾಯವಿರುವಾಗ ಅತ್ತ ತಿರುಗಿಯೂ ನೋಡದಿರುವುದು ತಪ್ಪು.

ಸಿಂಗಳೀಕ ಮಹಾವಾನರವಲ್ಲ, ಬಾಲವುಳ್ಳ ಕೋತಿ. ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಅದಿಲ್ಲ. ಉಳಿದಿರುವುದು 4000ಕ್ಕೂ ಕಡಮೆ ಎಂಬುದು ಅಂದಾಜು. ನಮ್ಮ ತೋಟಕ್ಕೆ ನುಗ್ಗುವ ಮಂಗ ಎಲ್ಲಿಯೂ ಬದುಕೀತು; ಸಿಂಗಳೀಕಕ್ಕೆ ಕೊಂಬೆಗೆ ಕೊಂಬೆ ತಾಗಿದ ಮಳೆಕಾಡೇ ಬೇಕು. ರಸ್ತೆಗಾಗಿ ನಾಲ್ಕು ಮರ ಕಡಿದರೆ ಅದರ ದಾರಿಯೇ ಕಡಿದಂತೆ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯಿದೆ. ಆಗುಂಬೆ ಪ್ರವಾಸಕ್ಕೆ ನನ್ನೊಡನೆ ಬಂದಿದ್ದ ಶಿಷ್ಯರಲ್ಲಿ ಕೆಲವರಿಗೆ ನೆನಪಿರಬಹುದು. ಘಾಟಿಯ ತಿರುವಿನಲ್ಲಿ ಬಸ್ಸು ನಿಲ್ಲಿಸಿ, ಮಂಗಗಳಿಗೆ ನೆಲಗಡಲೆ, ಬಾಳೆಹಣ್ಣು ಎಸೆಯಲು ನಿಮಗೆ ಅನುಮತಿ ಕೊಟ್ಟವನು ನಾನೇ. ಒಬ್ಬ ಹುಡುಗ ಮೇಲಿನ ಕೊಂಬೆಯತ್ತ ಬೆರಳು ಮಾಡಿ, "ಸರ್, ಗಡ್ಡದ ಮಂಗ!" ಎಂದು ಕೂಗಿದ. "ಅದು ಕೆಳಗೆ ಬರುವುದಿಲ್ಲ, ಹತ್ತು ಬಸ್ಸು" ಎಂದೆ. ಜೀವವಿಕಾಸವನ್ನು ಕರಿಹಲಗೆಯ ಮೇಲೆ ವರ್ಷ ವರ್ಷ ಬರೆದವನು, ಅದು ಕಣ್ಣೆದುರು ಕುಳಿತಾಗ ಎರಡು ನಿಮಿಷ ನಿಲ್ಲಲಿಲ್ಲ. ಅದು ಕೆಳಗೆ ಬಾರದಿರುವುದೇ ಅದರ ಕ್ಷೇಮ ಎಂಬುದನ್ನೂ ಹೇಳಲಿಲ್ಲ. ಎಸೆದ ತಿಂಡಿಯ ರುಚಿ ಹತ್ತಿದರೆ ಅದೂ ರಸ್ತೆಗಿಳಿದೀತು, ರಸ್ತೆಯಲ್ಲಿ ವಾಹನಗಳಿವೆ.

ಸೋಮೇಶ್ವರ ಅಭಯಾರಣ್ಯವಿದೆ, ಉತ್ತರ ಕನ್ನಡದ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶವನ್ನು ಸೇರಿಸಿಕೊಂಡು 2019ರಲ್ಲಿ ಆದ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವಿದೆ. ಸರಕಾರ ಗಡಿ ಗುರುತಿಸಬಹುದು. ಕಾರಿನ ಕಿಟಕಿಯಿಂದ ಹೊರಚಾಚುವ ಕೈಯನ್ನು ನಾವೇ ತಡೆಯಬೇಕು.

ಈಗ ನಿಮಗೂ ಮಕ್ಕಳಿದ್ದಾರೆ. ಘಟ್ಟ ಹತ್ತುವಾಗ ಏನನ್ನೂ ಎಸೆಯಬೇಡಿ. ಸುರಕ್ಷಿತ ಸ್ಥಳದಲ್ಲಿ ವಾಹನ ನಿಲ್ಲಿಸಿ, ಮೇಲೆ ನೋಡಲು ಅವರಿಗೆ ಕಲಿಸಿ. ನಾನು ಅಂದು ಬಿಟ್ಟ ಪಾಠವನ್ನು ನೀವು ಪೂರ್ತಿಮಾಡಿದರೆ ನನಗದೇ ಗುರುದಕ್ಷಿಣೆ.