ಚೀಟಿ ಎತ್ತಿದರೆ ದೇವರ ಚಿತ್ತ ತಿಳೀತದಾ?

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಯೋ ಹೊತ್ತಿಗೆ ನಮ್ಮ ಕಡೆ ಎಷ್ಟೋ ಸಭೆಗಳಲ್ಲಿ ಒಂದು ತಟ್ಟೆ ಬರ್ತದ. ಅದರ ತುಂಬ ವಾಗ್ದಾನದ ಚೀಟಿಗಳು. ಕಣ್ಣು ಮುಚ್ಚಿ ಒಂದು ಎತ್ತಬೇಕು, ಅದೇ ಆ ವರ್ಷದ ವಚನ. ಇದಕ್ಕ ನನ್ನ ತಕರಾರೇನಿಲ್ಲ ನೋಡ್ರಿ. ಗೋಡೆ ಮೇಲೆ ಅಂಟಿಸಿದ ವಚನ ವರ್ಷವಿಡೀ ಕಣ್ಣಿಗೆ ಬಿದ್ದರೆ ಒಳ್ಳೇದೇ. ತಕರಾರು ಶುರುವಾಗೋದು ಜನವರಿಯಲ್ಲಿ. "ನನ್ನ ವಚನದಾಗ 'ದೇಶ' ಅಂತ ಬಂದದ ಅಣ್ಣಾ, ಅಂದ್ರ ನಾ ಊರು ಬಿಟ್ಟು ಹೈದರಾಬಾದಿಗೆ ಹೋಗಬೇಕಂತೇನು?"

ಈ ಸರಣಿಗೆ ಬರುವ ಮೆಸೇಜುಗಳಲ್ಲಿ ಬಹುಪಾಲು ಇದೇ ಜಾತಿಯವು. ಪೊಲೀಸ್ ಭರ್ತಿಗೆ ಓದಲೋ, ಪುಣೆಯ ಕಂಪನಿಗೆ ಹೋಗಲೋ, ನರ್ಸಿಂಗ್ ಮಾಡಲೋ, ಅಪ್ಪನ ಎರಡೆಕರೆಯಲ್ಲಿ ಸೋಯಾ ಬಿತ್ತಿ ಕೂರಲೋ. ಎಲ್ಲದರ ಕೊನೆಗೆ ಒಂದೇ ಸಾಲು: ದೇವರ ಚಿತ್ತ ಏನಂತ ಹ್ಯಾಂಗ್ ತಿಳ್ಕೋಬೇಕು?

ಬೀದರಿನವರಿಗೆ ಮೆಥೋಡಿಸ್ಟ್ ಅಂದರೆ ಯಾರು ಅಂತ ವಿವರಿಸಬೇಕಿಲ್ಲ. ಆದರೆ ಆ ಪಂಗಡದ ಮೂಲಪುರುಷ ಜಾನ್ ವೆಸ್ಲಿಯ ಒಂದು ಕಥೆಯನ್ನ ನಮ್ಮ ಭಾನುವಾರದ ಪಾಠದಲ್ಲಿ ಯಾರೂ ಹೇಳೋದಿಲ್ಲ. 1737ರ ಮಾರ್ಚ್. ಅಮೆರಿಕದ ಜಾರ್ಜಿಯಾ ವಸಾಹತು. ವೆಸ್ಲಿಗೆ 33 ವರ್ಷ. ಸೋಫಿಯಾ ಹಾಪ್ಕಿ ಎಂಬ ಹುಡುಗಿ ಮೇಲೆ ಮನಸ್ಸು. ಮದುವೆ ಆಗಬೇಕೋ ಬೇಡವೋ ತಿಳೀಲಿಲ್ಲ. ಪ್ರಾರ್ಥನೆ ಮಾಡಿ ಮೂರು ಚೀಟಿ ಬರೆದರು: ಮದುವೆಯಾಗು, ಈ ವರ್ಷ ಯೋಚಿಸಬೇಡ, ಇನ್ನು ಯೋಚಿಸಲೇಬೇಡ. ಬಂದದ್ದು ಮೂರನೆಯದು. ಆಯ್ತು, ದೇವರ ಚಿತ್ತ ತಿಳೀತು ಅಂತ ಬಿಟ್ಟರು. ಕೆಲವೇ ದಿನಗಳಲ್ಲಿ ಆಕೆ ಬೇರೆಯವನನ್ನ ಮದುವೆಯಾದಳು. ಅದೇ ಆಗಸ್ಟಿನಲ್ಲಿ ವೆಸ್ಲಿ ಆಕೆಗೆ ಕರ್ತನ ಭೋಜನ ಕೊಡಲು ಒಪ್ಪಲಿಲ್ಲ. ಮಾತು ಕೋರ್ಟಿಗೆ ಹೋಯ್ತು. ಡಿಸೆಂಬರಿನಲ್ಲಿ ಅವರು ಜಾರ್ಜಿಯಾ ಬಿಟ್ಟು ಇಂಗ್ಲೆಂಡಿಗೆ ಹೊರಟರು.

ಚೀಟಿ ಬೇಡ ಅಂದಿತು, ಮನಸ್ಸು ಬೇಡ ಅನ್ನಲಿಲ್ಲ ಅಂತ ನನಗ ಅನಿಸ್ತದ. ತೀರ್ಮಾನ ಕಾಗದದ ಮೇಲೆ ಆಗಿತ್ತು, ಮನುಷ್ಯನೊಳಗ ಆಗಿರಲಿಲ್ಲ. ಅವರು ಚೀಟಿಯನ್ನ ಪೂರ್ತಿ ಬಿಟ್ಟವರೂ ಅಲ್ಲ, 1739ರಲ್ಲಿ ಒಂದು ಪ್ರಸಂಗ ಮಾಡಬೇಕೋ ಬೇಡವೋ ಅಂತ ಮತ್ತೆ ಚೀಟಿ ಹಾಕಿದರು. ಆದರೆ 1750ರಲ್ಲಿ ಅಚ್ಚಾದ ಒಂದು ಪ್ರಸಂಗದಲ್ಲಿ ಅವರ ಮಾತೇ ಬೇರೆ. ಕನಸಿಗೆ, ದರ್ಶನಕ್ಕೆ, ಒಮ್ಮೆಲೇ ಮನಸ್ಸಿಗೆ ಬಂದ ಅನಿಸಿಕೆಗೆ ಕಾಯಬೇಡಿ. ದೇವರ ವಾಕ್ಯ ನೋಡಿ, ಅನುಭವ ನೋಡಿ, ಬುದ್ಧಿ ಬಳಸಿ, ಆತ್ಮನ ಸಹಾಯ ಬೇಡಿ, ಯಾವ ದಾರಿಯಲ್ಲಿ ಹೆಚ್ಚು ಪರಿಶುದ್ಧರಾಗಿ ಹೆಚ್ಚು ಒಳ್ಳೆಯದು ಮಾಡಬಲ್ಲಿರಿ ಅಂತ ತೂಗಿ ನೋಡಿ. ಇದು ಅವರ ಮಾತಿನ ಸಾರ.

"ಅಪೊಸ್ತಲರೇ ಚೀಟು ಹಾಕಿದರಲ್ರಿ?" ಹೌದು ಹಾಕಿದರು, ಮತ್ತೀಯನನ್ನ ಆರಿಸುವಾಗ. ಆದರೆ ಚೀಟು ಹಾಕೋ ಮೊದಲು ಏನು ಮಾಡಿದರು ಅಂತ ಅದೇ ಅಧ್ಯಾಯ ಓದಿ. ಯೋಹಾನನ ದೀಕ್ಷಾಸ್ನಾನದಿಂದ ಹಿಡಿದು ಕೊನೇ ದಿನದ ತನಕ ಜೊತೆಗಿದ್ದವನೇ ಬೇಕು ಅಂತ ಅರ್ಹತೆ ಗೊತ್ತು ಮಾಡಿಕೊಂಡರು, ಇಬ್ಬರನ್ನ ಮುಂದೆ ನಿಲ್ಲಿಸಿದರು, ಪ್ರಾರ್ಥನೆ ಮಾಡಿದರು, ಆಮೇಲೆ ಚೀಟು. ಪಂಚಾಶತ್ತಮ ದಿನ ಆದ ಮೇಲೆ ಆ ಪುಸ್ತಕದಲ್ಲಿ ಇನ್ನೊಂದು ಸಲ ಚೀಟು ಬರೋದೇ ಇಲ್ಲ. 15ನೇ ಅಧ್ಯಾಯದ ದೊಡ್ಡ ಜಗಳವನ್ನ ಕೂತು ಮಾತಾಡಿ, ವಾದ ಮಾಡಿ, ಪೇತ್ರ ಬಾರ್ನಬ ಪೌಲರ ಅನುಭವ ಕೇಳಿ ಬಗೆಹರಿಸಿದರು.

ಕೆಲಸದ ವಿಷಯಕ್ಕ ನನಗ ಎಲ್ಲರಿಗಿಂತ ಹತ್ತಿರದವನು ನೆಹೆಮೀಯ. ಸುದ್ದಿ ಕೇಳಿದ್ದು ಕಿಸ್ಲೇವ್ ತಿಂಗಳು, ರಾಜನ ಮುಂದೆ ಬಾಯಿ ಬಿಟ್ಟದ್ದು ನೀಸಾನ್. ನಡುವೆ ಸುಮಾರು ನಾಲ್ಕು ತಿಂಗಳು ಅಳು, ಉಪವಾಸ, ಪ್ರಾರ್ಥನೆ. ಇಷ್ಟನ್ನ ಎಲ್ಲಾ ಪ್ರಸಂಗಗಳಲ್ಲೂ ಕೇಳಿರ್ತೀರಿ. ಆದರೆ ರಾಜ "ಏನು ಬೇಕು" ಅಂದಾಗ ಅವನ ಹತ್ತಿರ ಪಟ್ಟಿ ಸಿದ್ಧ ಇತ್ತು. ಎಷ್ಟು ದಿನ ಬೇಕು, ದಾರಿಯ ಅಧಿಕಾರಿಗಳಿಗೆ ಯಾವ ಪತ್ರ, ಮರ ಕೊಡಲು ಯಾರಿಗೆ ಪತ್ರ. ವನಪಾಲಕನ ಹೆಸರು ಆಸಾಫ ಅಂತ ಕೂಡ ಗೊತ್ತಿತ್ತು! ಯೆರೂಸಲೇಮಿಗೆ ಮುಟ್ಟಿ ಮೂರು ದಿನಕ್ಕ ರಾತ್ರಿ ಎದ್ದು ಗೋಡೆ ಸುತ್ತ ತಿರುಗಿ ನೋಡಿ ಬಂದ. ಆಮೇಲೆ 52 ದಿನದಲ್ಲಿ ಗೋಡೆ ಎದ್ದಿತು. ನಮ್ಮ ಹುಡುಗರು ಪರೀಕ್ಷೆಗೆ 40 ದಿನ ಉಪವಾಸ ಪ್ರಾರ್ಥನೆ ಮಾಡ್ತಾರ, ಸಿಲಬಸ್ ಒಂದು ಸಲನೂ ತೆರೆದು ನೋಡಿರೋದಿಲ್ಲ.

ಫೋನಿನಲ್ಲಿ ಪ್ರವಾದನೆ ಹೇಳಿ, ಕೆಳಗೆ ಹಣ ಕಳಿಸೋ ನಂಬರ್ ಹಾಕೋರ ಬಗ್ಗೆ ನಾನು ಹೆಚ್ಚು ಬರೆಯೋದಿಲ್ಲ. ಹಣ ಕೇಳಿದ ಕ್ಷಣ ಫೋನ್ ಇಡ್ರಿ, ಅಷ್ಟೇ.

ಈಗ ಕಠಿಣ ವಿಷಯಕ್ಕ ಬರ್ತೀನಿ. ಅರ್ಜಿಯಲ್ಲಿ ಧರ್ಮದ ಕಾಲಂ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಸ್ಥಾನಮಾನ ಹಿಂದೂಗಳಿಗಷ್ಟೇ ಇತ್ತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರು ಇವತ್ತಿಗೂ ಹೊರಗೇ. ದೀಕ್ಷಾಸ್ನಾನ ತೊಗೊಂಡರೆ ಊರಿನವರು ಜಾತಿ ಮರೀತಾರೇನ್ರಿ? ಮರೆಯೋದಿಲ್ಲ. ಅದಕ್ಕೇ ಈ ನಿಯಮ ಅನ್ಯಾಯ ಅಂತ ನಾನು ಹೇಳ್ತೀನಿ. ಆದರೆ ಹುಡುಗನ ಮುಂದಿರೋದು ಇವತ್ತಿನ ಅರ್ಜಿ. ಅಪ್ಪ ಅಂತಾನ, "ಹಿಂದೂ ಅಂತ ಬರಿ, ಇಲ್ಲಾಂದ್ರ ನೌಕರಿ ಹೋಯ್ತು." ಪಾಸ್ಟರ್ ಅಂತಾರ, "ನಂಬಿಕೆ ಇಟ್ಟು ಸತ್ಯ ಬರಿ." ಹುಡುಗ ನನಗ ಬರೀತಾನ, ದೇವರು ಏನಂತಾನ?

ಯಾವ ಚೀಟಿಯೂ ಇದನ್ನ ಹೇಳೋದಿಲ್ಲ. ನನ್ನ ಅಭಿಪ್ರಾಯ: ಸುಳ್ಳು ಬರೆದು ಅದಕ್ಕ "ದೇವರೇ ದಾರಿ ತೋರಿಸಿದ" ಅಂತ ಸಾಕ್ಷಿ ಹೇಳಬ್ಯಾಡ್ರಿ. ಹಾಗೇ, ಮಗನ ನೌಕರಿ ಪಣಕ್ಕಿಡದ ಜನ ಪೀಠದ ಮೇಲೆ ನಿಂತು ಆ ಅಪ್ಪನನ್ನ ಖಂಡಿಸಬ್ಯಾಡ್ರಿ. ಹಸಿದ ಮನೆಯ ಭಯವನ್ನ ಅಪನಂಬಿಕೆ ಅಂತ ಕರೆಯೋದು ಬಹಳ ಸುಲಭ.

ಇನ್ನೊಂದು ಮಾತು, ಇದನ್ನ ಸೇವ್ ಮಾಡಿ ಇಟ್ಕೊಳ್ರಿ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ-1ರಲ್ಲಿ ಬರ್ತಾರ, 4% ಮೀಸಲಾತಿ, ಕೆನೆಪದರದ ಆದಾಯ ಮಿತಿ ಇಲ್ಲ. ಉಳಿದ ಕ್ರೈಸ್ತರು 3ಬಿ. ಅದರ ಮೇಲೆ ಕಲಂ 371(ಜೆ) ಇದೆ. ಅದು ಪ್ರದೇಶ ನೋಡ್ತದ, ಧರ್ಮ ನೋಡೋದಿಲ್ಲ. ಅರ್ಹತಾ ಪ್ರಮಾಣಪತ್ರ ಇದ್ದರೆ ಭಾತಂಬ್ರಾದ ಕ್ರೈಸ್ತ ಹುಡುಗಿಗೂ ಪಕ್ಕದ ಮನೆಯ ಲಿಂಗಾಯತ ಹುಡುಗಿಗೂ ಅದರಲ್ಲಿ ಒಂದೇ ಹಕ್ಕು. ಪರಿಶಿಷ್ಟ ಜಾತಿಯ ಕೋಟಾಕ್ಕೆ ಇವು ಸಮ ಅಲ್ಲ, ನಿಜ. ಆದರೆ "ಸತ್ಯ ಬರೆದರೆ ಏನೂ ಸಿಗೋದಿಲ್ಲ" ಅನ್ನೋದೂ ಸುಳ್ಳೇ. ಇಷ್ಟು ಗೊತ್ತಿಲ್ಲದೆ ರಾತ್ರಿಯೆಲ್ಲಾ ಅತ್ತು ಪ್ರಾರ್ಥಿಸುವ ಮಗುವಿಗೆ ನೆಹೆಮೀಯನ ಪಟ್ಟಿ ಬೇಕಾಗಿದೆ. ಅದನ್ನ ಕೊಡಬೇಕಾದವರು ಸಭೆಯ ಹಿರಿಯರು, ನಿವೃತ್ತ ಮಾಸ್ತರರು, ವಕೀಲರು, ಈಗಾಗಲೇ ನೌಕರಿಯಲ್ಲಿರೋ ಅಕ್ಕಂದಿರು.

ಈ ಡಿಸೆಂಬರ್ 31ಕ್ಕೆ ಚೀಟಿಯ ತಟ್ಟೆ ಇರಲಿ. ಜನವರಿಯ ಮೊದಲ ಶನಿವಾರ ಚರ್ಚಿನ ಅಂಗಳದಲ್ಲಿ ಒಂದು ಟೇಬಲ್, ನಾಲ್ಕು ಕುರ್ಚಿ, ಅರ್ಜಿ ತುಂಬಲು ಗೊತ್ತಿರೋ ಇಬ್ಬರು. ಮೊದಲು ಪ್ರಾರ್ಥನೆ, ಆಮೇಲೆ ಮಾತು. ಈಗಾಗಲೇ ಯಾವ ಸಭೆ ಹಿಂಗ ಮಾಡ್ಲತ್ತದೋ, ಊರಿನ ಹೆಸರು ಕಮೆಂಟಿನಲ್ಲಿ ಹಾಕ್ರಿ. ಔರಾದಿನ ಹುಡುಗನೊಬ್ಬ ನಿನ್ನೆಯಿಂದ ಕೇಳ್ಲತ್ತಾನ.

#ಬೀದರ್ #ಭಾಲ್ಕಿ #ಔರಾದ್ #ಭಾತಂಬ್ರಾ #ದೇವರಚಿತ್ತ