ಅರಿಯದಿರುವುದು ಆತ್ಮದ ಸ್ವಭಾವವಲ್ಲ

ಐಹೊಳೆಯ ಮೇಗುತಿ ಬಸದಿಯ ಪೂರ್ವದ ಗೋಡೆಯ ಮೇಲೆ 19 ಸಾಲುಗಳ ಶಾಸನವೊಂದಿದೆ. ಶಕವರ್ಷ 556ರಲ್ಲಿ, ಅಂದರೆ ಕ್ರಿ.ಶ. 634ರಲ್ಲಿ, ಇಮ್ಮಡಿ ಪುಲಕೇಶಿಯ ಆಶ್ರಯದಲ್ಲಿದ್ದ ರವಿಕೀರ್ತಿಯು ಈ ಜಿನಾಲಯವನ್ನು ಕಟ್ಟಿಸಿ, ಈ ಪ್ರಶಸ್ತಿಯನ್ನು ರಚಿಸಿದನು. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡ. ಕಾಳಿದಾಸ, ಭಾರವಿಯರಿಗೆ ಸಮನಾದ ಕೀರ್ತಿ ತನ್ನದೆಂದು ಆತ ಅಲ್ಲಿ ಹೇಳಿಕೊಂಡಿದ್ದಾನೆ.

ನಿವೃತ್ತಿಯ ನಂತರ ಈ ಲಿಪಿಯನ್ನು ಕಲಿಯಲು ಹೊರಟವನು ನಾನು. ತಿಂಗಳುಗಳ ಅಭ್ಯಾಸದ ಬಳಿಕ ಗುಡ್ಡವೇರಿ ಆ ಗೋಡೆಯೆದುರು ನಿಂತಾಗ ಬಿಡಿಯಾಗಿ ಕೆಲವು ಅಕ್ಷರಗಳಷ್ಟೇ ದಕ್ಕಿದವು. ಪದಗಳ ನಡುವೆ ಬಿಡುವಿಲ್ಲ. ಅಕ್ಷರ ಹಿಡಿದರೂ ಅರ್ಥ ಹಿಡಿಯದು. ‘ಈ ವಯಸ್ಸಿಗೆ ಇದು ನನ್ನಿಂದಾಗದು’ ಎಂದುಕೊಂಡು ಕೆಳಗಿಳಿದೆ. ಅದನ್ನು ವಿನಯವೆಂದೇ ಭಾವಿಸಿದ್ದೆ. ಅದು ವಿನಯವಾಗಿರಲಿಲ್ಲ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಸಾಧಕನು ಸಹಿಸಬೇಕಾದ 22 ಪರೀಷಹಗಳನ್ನು ಹೇಳುತ್ತದೆ. ಹಸಿವು, ಬಾಯಾರಿಕೆ, ಚಳಿ, ಸೆಕೆಗಳ ಜೊತೆಗೆ ಪ್ರಜ್ಞಾ ಮತ್ತು ಅಜ್ಞಾನ ಎಂಬೆರಡು ಪರೀಷಹಗಳೂ ಅದರಲ್ಲಿವೆ. ಬಲ್ಲೆನೆಂಬ ಗರ್ವಕ್ಕೆ ಎಡೆಗೊಡದಿರುವುದು ಒಂದು. ಎಷ್ಟು ಶ್ರಮಿಸಿದರೂ ತಿಳಿಯದಾದಾಗ ಎದೆಗುಂದದಿರುವುದು ಇನ್ನೊಂದು. ಇವೆರಡಕ್ಕೂ ಮೂಲ ಒಂದೇ, ಜ್ಞಾನಾವರಣೀಯ ಕರ್ಮ ಎನ್ನುತ್ತದೆ ಸೂತ್ರ. ವಯಸ್ಕ ವಿದ್ಯಾರ್ಥಿಯ ಸಂಕಟ ಇಲ್ಲೇ ಇದೆ. ಮಗು ಎಡವಿದರೆ ಮತ್ತೆ ಏಳುತ್ತದೆ. ಕಳೆದುಕೊಳ್ಳಲು ಅದಕ್ಕೆ ಹೆಸರಿಲ್ಲ. ನಮಗೆ ಬೇರೊಂದು ವೃತ್ತಿಯಲ್ಲಿ ಗಳಿಸಿದ ಹಿರಿತನವಿದೆ. ಮಗಳ ವಯಸ್ಸಿನ ಗುರುವಿನೆದುರು ತಪ್ಪು ಓದಲು ನಾಚಿಕೆ. ಆ ಗರ್ವವೇ ನಿರಾಶೆಯ ವೇಷ ತೊಟ್ಟು ‘ಆಗದು’ ಎನ್ನುತ್ತದೆ.

ಜಿನಧರ್ಮದ ದೃಷ್ಟಿಯಲ್ಲಿ ಜ್ಞಾನವು ಆತ್ಮದ ಸ್ವಭಾವ; ಅಜ್ಞಾನ ಅದನ್ನು ಮುಚ್ಚಿದ ಆವರಣ. ‘ನಾನು ದಡ್ಡ’ ಎನ್ನುವವನು ಮೋಡವನ್ನೇ ಸೂರ್ಯನೆಂದು ತಿಳಿದಂತೆ. ಕುಂದಕುಂದಾಚಾರ್ಯರು ಭಾವಪಾಹುಡದಲ್ಲಿ ಸ್ಮರಿಸಿರುವ ಶಿವಭೂತಿ ಮುನಿಯ ಕಥೆ ಇದನ್ನೇ ಹೇಳುತ್ತದೆ. ಗುರು ಕಲಿಸಿದ ಚಿಕ್ಕ ಮಾತೂ ಅವರ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಹೆಣ್ಣುಮಗಳೊಬ್ಬಳು ಉದ್ದಿನ ಬೇಳೆಯಿಂದ ಸಿಪ್ಪೆಯನ್ನು ಬೇರ್ಪಡಿಸುವುದನ್ನು ಕಂಡಾಗ ಅವರಿಗೆ ಹೊಳೆಯಿತು: ಸಿಪ್ಪೆ ಬೇರೆ, ಬೇಳೆ ಬೇರೆ, ದೇಹ ಬೇರೆ, ಆತ್ಮ ಬೇರೆ. ಆ ಒಂದೇ ಭಾವವನ್ನು ಬಿಡದೆ ಹಿಡಿದು ಅವರು ಕೇವಲಜ್ಞಾನಿಯಾದರು.

ಹಾಗೆಂದು ಪ್ರಯತ್ನಿಸಿದವರೆಲ್ಲ ರವಿಕೀರ್ತಿಗಳಾಗುತ್ತಾರೆಂದಲ್ಲ. ಆವರಣದ ಕ್ಷಯೋಪಶಮ ಒಬ್ಬೊಬ್ಬರಲ್ಲಿ ಒಂದೊಂದು ಪ್ರಮಾಣದ್ದು. ಆದರೆ ಅದು ನಿಂತ ನೀರಲ್ಲ. ಪುರುಷಾರ್ಥಕ್ಕೆ ಅಲ್ಲಿ ಎಡೆಯಿದೆ. ದಾರಿಯನ್ನೂ ಶಾಸ್ತ್ರವೇ ತೋರಿಸಿದೆ. ಅಂತರಂಗ ತಪಸ್ಸುಗಳಲ್ಲಿ ವಿನಯವೂ ಒಂದು, ಸ್ವಾಧ್ಯಾಯವೂ ಒಂದು. ಸ್ವಾಧ್ಯಾಯದ ಐದು ಅಂಗಗಳಲ್ಲಿ ಓದುವ ವಾಚನೆಯ ಬೆನ್ನಿಗೇ ಬರುವುದು ಪೃಚ್ಛನೆ, ಅಂದರೆ ತಿಳಿಯದ್ದನ್ನು ಕೇಳುವುದು. ಬಳಿಕ ಮನನ ಮಾಡುವ ಅನುಪ್ರೇಕ್ಷೆ, ಶುದ್ಧವಾಗಿ ಮತ್ತೆ ಮತ್ತೆ ಹೇಳುವ ಆಮ್ನಾಯ. ಧರ್ಮೋಪದೇಶ ಕೊನೆಯದು. ನಾವು ಹಿರಿಯರು ಅನೇಕ ವೇಳೆ ಕೊನೆಯದರಿಂದಲೇ ಆರಂಭಿಸುತ್ತೇವೆ! ಸ್ವಾಧ್ಯಾಯದ ಗುರಿ ಆತ್ಮಹಿತವೇ ಆದರೂ ಲೋಕದ ಯಾವ ವಿದ್ಯೆಗೂ ಈ ಕ್ರಮ ಸಲ್ಲುತ್ತದೆ.

ಐಹೊಳೆಯೂ ಕಲಿತ ಊರೇ. ಲಾಡಖಾನ್ ಗುಡಿ ಮಂಟಪದಂತಿದೆ. ದುರ್ಗ ಗುಡಿಯ ಹಿಂಬದಿ ಗಜಪೃಷ್ಠದಂತೆ ಬಾಗಿದೆ. ಒಂದು ರೂಪಕ್ಕೆ ಕಟ್ಟುಬೀಳದೆ ಶಿಲ್ಪಿಗಳು ಇಲ್ಲಿ ಬಗೆಬಗೆಯಾಗಿ ಕಟ್ಟಿ ನೋಡಿದರು. ರವಿಕೀರ್ತಿಯ ಶಾಸನದಲ್ಲಿ ನಮಗೆ ಕಾಣುವುದು ಸಿದ್ಧಪದ್ಯ ಮಾತ್ರ. ಅದಕ್ಕೆ ಮುನ್ನ ಆತ ಬರೆದು ಅಳಿಸಿದ್ದು ಕಾಣುವುದಿಲ್ಲ.

ಮತ್ತೆ ಗುಡ್ಡವೇರಿದಾಗ ನಾನು ಇಡೀ ಶಾಸನವನ್ನು ಓದಲು ಹೋಗಲಿಲ್ಲ. ಮೊದಲ ಸಾಲಿನೆದುರು ಕುಳಿತೆ. ತಪ್ಪಿದಲ್ಲಿ ಗುರುವನ್ನು ಕೇಳಿದೆ. ಆಕೆ ತಿದ್ದಿದಳು, ತಿದ್ದಿಸಿಕೊಂಡೆ. ಆ ಸಾಲು ಪೂರ್ತಿ ಬಂದಿತೆಂದು ಹೇಳಲಾರೆ. ‘ಆಗದು’ ಎಂಬ ಮಾತು ಮಾತ್ರ ಅಂದು ಬಾಯಿಗೆ ಬರಲಿಲ್ಲ.