ಸಿಹಿನೀರಿನ ದಡದಲ್ಲಿ ರಾಕೆಟ್: ಜಾಮೀನು ಯಾರದು?

ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಸುಪೀರಿಯರ್ ಸರೋವರದ ದಡದ ಮಾರ್ಕ್ವೆಟ್ ನಗರಕ್ಕೆ ಉತ್ತರದಲ್ಲಿ ಉಪಗ್ರಹ ಉಡಾವಣಾ ಕೇಂದ್ರವನ್ನು ಸ್ಥಾಪಿಸಬೇಕೆಂಬ ಪ್ರಸ್ತಾವವು 2020ರಲ್ಲಿ ಪ್ರಕಟವಾಯಿತು. ಉದ್ಯೋಗ ಸೃಷ್ಟಿಯಾಗುವುದೆಂದು ಕೆಲವರು ಸ್ವಾಗತಿಸಿದರು. ಸರೋವರಕ್ಕೆ ಕೇಡೆಂದು ಸ್ಥಳೀಯರನೇಕರು ವಿರೋಧಿಸಿದರು.

ಉದ್ಯೋಗದ ವಾದವನ್ನು ಹಗುರವಾಗಿ ಕಾಣಲಾಗದು. ಜೀವನೋಪಾಯಕ್ಕಾಗಿ ಹುಟ್ಟೂರು ತೊರೆದು ಬಂದ ನಮಗಂತೂ ಅದರ ನೋವು ತಿಳಿದದ್ದೇ.

ನಮ್ಮ ಶ್ರೀಹರಿಕೋಟಾ ಸಹ ಪುಲಿಕಾಟ್ ಸರೋವರದ ಪಕ್ಕದಲ್ಲಿಯೇ ಇದೆಯಲ್ಲವೇ ಎಂದು ಓದುಗರು ಕೇಳಬಹುದು. ಇದೆ, ನಿಜ. ಆದರೆ ಪುಲಿಕಾಟ್ ಉಪ್ಪುಮಿಶ್ರಿತ ಹಿನ್ನೀರು; ಮೀನುಗಾರರಿಗೆ ಅದು ಅನ್ನ ನೀಡುವುದಾದರೂ ಕುಡಿಯುವ ನೀರಲ್ಲ. ಅಲ್ಲಿಂದ ಹೊರಟ ರಾಕೆಟ್ಟಿನ ಕಳಚಿದ ಹಂತಗಳು ಬೀಳುವುದು ಸಾಗರಕ್ಕೆ.

ಸುಪೀರಿಯರ್ ಹಾಗಲ್ಲ. ಸುಮಾರು 82,000 ಚದರ ಕಿಲೋಮೀಟರ್ ವಿಸ್ತಾರದ ಈ ಸಿಹಿನೀರಿನ ಭಂಡಾರವು ದಡದ ಊರುಗಳ ಕುಡಿಯುವ ನೀರೂ ಹೌದು. ಇದರ ನೀರು ಪೂರ್ಣವಾಗಿ ಬದಲಾಗಲು ಸುಮಾರು 190 ವರ್ಷ ಬೇಕು. ಕೆಲವು ಘನ ಇಂಧನಗಳಲ್ಲಿರುವ ಪರ್ಕ್ಲೋರೇಟ್ ನೀರಿನಲ್ಲಿ ಸುಲಭವಾಗಿ ಕರಗುವ ವಸ್ತು. ಅದು ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ದೊರೆಯದಂತೆ ತಡೆಯಬಲ್ಲದು. ಉಡಾವಣೆಗಳೆಲ್ಲವೂ ಸಫಲವಾಗುತ್ತವೆಂದು ಯಾವ ವಿಜ್ಞಾನಿಯೂ ಭರವಸೆ ಕೊಡಲಾರ.

ಮೂರು ದಶಕ ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ಪರಿಶೀಲಿಸಿದವನು ನಾನು. ಅರ್ಜಿದಾರ ಹೇಳುವ ಲಾಭಕ್ಕಿಂತ ಮೊದಲು ನಾವು ನೋಡುವುದು, ನಷ್ಟವಾದರೆ ಭರಿಸುವವರು ಯಾರೆಂಬುದನ್ನು. ಉಡಾವಣಾ ಕೇಂದ್ರಕ್ಕೆ ಬೇರೆ ಜಾಗ ಹುಡುಕಬಹುದು, ಉದ್ಯೋಗಕ್ಕೆ ಬೇರೆ ದಾರಿ ಅರಸಬಹುದು. ಆರೇಳು ತಲೆಮಾರು ಕುಡಿಯಬೇಕಾದ ನೀರಿಗೆ ಜಾಮೀನು ನಿಲ್ಲುವವರು ಯಾರು? ಇದಕ್ಕೆ ಉತ್ತರ ದೊರೆಯುವವರೆಗೆ ಆ ಅರ್ಜಿಗೆ ಸಹಿ ಹಾಕದಿರುವುದೇ ವಿವೇಕ.